ಹೊಟ್ಟೆ ಉರೀತಾ ಅಕ್ಕಾ?

ಆ ವರ್ಷದ ಯುಗಾದಿಗೆ ನಾನೂ ನನ್ನ ಗಂಡನೂ ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಗೆ ಹೊರಟಾಗ ನನ್ನ ಕೈಯಲ್ಲೊಂದು ಪಪ್ಪಾಯಿ ಹಣ್ಣಿತ್ತು. ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಬಿಟ್ಟದ್ದು. ಬಸ್ಸಿನ ನೂಕುನುಗ್ಗಲಿನಲ್ಲಿ ಜಜ್ಜಿಹೋಗದಿರಲಿ ಎಂದು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನನ್ನ ಮೈದುನನ ಸಂಸಾರ, ಜೊತೆಗೆ ನಮ್ಮ ಅತ್ತೆ. ಹಬ್ಬವೆಂದರೆ ನಾವೇ ಅಲ್ಲಿಗೆ ಹೋಗುವುದು ರೂಢಿ. ಹಬ್ಬ ಯಾವಾಗಲೂ ಮಕ್ಕಳಿರುವ ಮನೆಯಲ್ಲೇ ಆಗಬೇಕಂತೆ. ನಮ್ಮ ಮನೆಯಲ್ಲಿ ಹೋಳಿಗೆ ಬೇಯುವುದಿಲ್ಲವೇನೋ!

ಊಟವಾದ ಮೇಲೆ ಹಣ್ಣು ಹೆಚ್ಚಿ ತಂದಿಟ್ಟೆ. ಎಲ್ಲರೂ ತಿಂದರು. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ತನ್ನ ತಟ್ಟೆಯನ್ನು ಮೆಲ್ಲಗೆ ಮಗಳ ಕಡೆ ಸರಿಸಿದಳು.

"ಯಾಕೆ, ನಿಂಗೆ ಬೇಡ್ವಾ?"

"ಹಲ್ಲುನೋವು ಅಕ್ಕಾ."

ಹಲ್ಲುನೋವಂತೆ! ಬೆಣ್ಣೆಯಂಥ ಹಣ್ಣು ಅದು. ಮೂರು ಸಲ ಬಸುರಾಗಿ, ಮೂರು ಸಲವೂ ಪಪ್ಪಾಯಿಯನ್ನು ಕಣ್ಣೆತ್ತಿ ನೋಡದೆ ಇದ್ದವಳು ನಾನು. ನನಗೆ ಗೊತ್ತಾಗುವುದಿಲ್ಲವೇ? ಅತ್ತೆಯ ಮುಖ ನೋಡಿದೆ, ಅವರು ಗೋಡೆ ನೋಡಿದರು. ಮೈದುನ ಎದ್ದು ಕೈ ತೊಳೆಯಲು ಹೋದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಕಣ್ಣು ಬೀಳುತ್ತದೆ ಅಂತ ನನ್ನೊಬ್ಬಳಿಂದ ಮುಚ್ಚಿಟ್ಟಿದ್ದರು.

ಬೀಳುತ್ತಿತ್ತು ಬಿಡಿ, ಸುಳ್ಳೇಕೆ? ಅವಳು ನನ್ನ ನಂತರ ಈ ಮನೆಗೆ ಬಂದವಳು. ನನ್ನ ಮೊದಲ ಬಸಿರು ಇಳಿದುಹೋದ ವರ್ಷವೇ ಅವಳಿಗೆ ಮಗಳು ಹುಟ್ಟಿದಳು, ಎರಡನೆಯದು ಹೋದ ಮೇಲೆ ಮಗ. ಅವಳ ರವಿಕೆಯ ಮೇಲಿನ ಹಾಲಿನ ಕಲೆ ಕಂಡರೂ ನನಗೆ ಹೊಟ್ಟೆಕಿಚ್ಚು, "ಸಾಕಾಗಿಹೋಗಿದೆ ಅಕ್ಕಾ ಈ ಮಕ್ಕಳ ಕಾಟ" ಎಂದು ಅವಳು ಗೊಣಗಿದರೂ ಹೊಟ್ಟೆಕಿಚ್ಚು. ಆ ಕಾಟ ನನಗೆ ಒಂದೇ ಒಂದು ದಿನ ಸಿಕ್ಕಿದ್ದರೆ ಸಾಕಿತ್ತು. ಈಗ ನೋಡಿದರೆ ಮೂರನೆಯದು! ಬೇಕೂ ಇರಲಿಲ್ಲವಂತೆ, ಆಗಿಬಿಟ್ಟಿತಂತೆ.

ಆ ಯುಗಾದಿಗೆ ಸ್ವಲ್ಪ ದಿನ ಮೊದಲು ಶಿವಮೊಗ್ಗದಲ್ಲಿ ನಾನು ತೋರಿಸುತ್ತಿದ್ದ ಡಾಕ್ಟರಮ್ಮ ನನ್ನ ರಕ್ತವನ್ನು ಎರಡನೇ ಸಲ ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದ್ದರು. ಎರಡು ಸಲವೂ ಒಂದೇ ಉತ್ತರ ಬಂದಿತ್ತು.

"ನಿಮ್ಮದು ಬೇಗ ಹೆಪ್ಪುಗಟ್ಟೋ ರಕ್ತ ಅಮ್ಮಾ. ಮಾಸು, ಅಂದ್ರೆ ಪ್ಲಾಸೆಂಟಾ, ಅದರೊಳಗೆ ಸಣ್ಣಸಣ್ಣಗೆ ಹೆಪ್ಪುಗಟ್ಟುತ್ತೆ, ಮಗುಗೆ ಏನೂ ಹೋಗಲ್ಲ. ಇನ್ನೊಂದು ಸಲ ಬಸುರಾದ್ರೆ ಮೊದಲಿಂದಾನೇ ಒಂದು ಸಣ್ಣ ಮಾತ್ರೆ, ಜೊತೆಗೆ ದಿನಾ ಹೊಟ್ಟೆಗೆ ಇಂಜೆಕ್ಷನ್ ತಗೋಬೇಕು. ರಕ್ತ ತೆಳು ಮಾಡೋದು. ಹೆರಿಗೆ ಹತ್ತಿರ ಬರೋವರೆಗೂ."

"ತಗೊಂಡ್ರೆ ನಿಲ್ಲುತ್ತಾ ಮೇಡಂ?"

"ಗ್ಯಾರಂಟಿ ಕೊಡಲ್ಲ. ತಗೊಂಡೂ ಕಳ್ಕೊಂಡವರಿದ್ದಾರೆ, ತಗೊಳ್ದೆ ಹೆತ್ತವರೂ ಇದ್ದಾರೆ. ಆದ್ರೆ ನಿಮ್ಮಂಥ ರಿಪೋರ್ಟ್ ಇದ್ದವರಿಗೆ ಇದರಿಂದ ಅವಕಾಶ ಜಾಸ್ತಿ. ತೊಂದರೆನೂ ಇದೆ. ರಕ್ತ ಹೋಗಬಹುದು, ಮೂಳೆ ಸವೀಬಹುದು. ಮನೇಲಿ ಕೂತು ಮಾತಾಡಿ."

ಮನೆಯಲ್ಲಿ ಕೂತು ಮಾತಾಡಿದ್ದಾಯಿತು. ರಕ್ತ ತೆಳು ಎಂಬ ಮಾತಿಗೇ ಅತ್ತೆ ಎದೆ ಹಿಡಿದುಕೊಂಡರು. ಮೂರು ಸಲವೂ ನನಗೆ ರಕ್ತ ಗಟ್ಟಿಯಾಗಲಿ ಅಂತ ಖರ್ಜೂರ, ದಾಳಿಂಬೆ, ಬೀಟ್ರೂಟು, ರಾಗಿ ಮಾಲ್ಟು ಎಂದು ತುರುಕಿದವರು ಅವರು. "ಮೂರು ಸಲ ಹೋದದ್ದು ರಕ್ತಾನೇ ಅಲ್ವೇನೇ? ಇರೋ ಅಷ್ಟನ್ನೂ ನೀರು ಮಾಡ್ಕೊಂಡು ಬಸುರಾಗ್ತಾರಾ ಯಾರಾದ್ರೂ?" ಎಂದಿದ್ದರು. ಅವರನ್ನು ಬೈಯುವ ಹಾಗೂ ಇರಲಿಲ್ಲ, ನನಗೂ ಒಳಗೊಳಗೆ ಅದೇ ಭಯ. ಹಾಗಾಗಿ ಯುಗಾದಿಯವರೆಗೆ ನಾನು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲೂ ಇಲ್ಲ.

ಆ ದಿನ ಪಪ್ಪಾಯಿ ತಟ್ಟೆಯ ಮುಂದೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ನೋಡು, ಮುಚ್ಚಿಟ್ಟದ್ದಕ್ಕೆ ಬೇಜಾರು ಮಾಡ್ಕೋಬೇಡ. ನಿನ್ನ ಒಳ್ಳೇದನ್ನೇ ಯೋಚನೆ ಮಾಡಿದೀವಿ. ಇದು ನಿಂಗೇ. ಹುಟ್ಟಿದ ಮೇಲೆ ನಿನ್ನ ಮಡಿಲಿಗೇ ಹಾಕ್ತೀವಿ. ಆ ಹಾಳು ಸೂಜಿ ಸಹವಾಸ ಬಿಟ್ಟುಬಿಡು."

ವಾರಗಿತ್ತಿ ನೆಲ ನೋಡುತ್ತ, "ಹೂಂ ಅಕ್ಕಾ, ಇದು ನಿಮ್ಮದೇ ಅಂದ್ಕೊಳ್ಳಿ" ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಕಾಫಿಪುಡಿ ಮುಗಿದವಳಿಗೆ ಪಕ್ಕದ ಮನೆಯವಳು ಒಂದು ಲೋಟ ಅಳೆದು ಕೊಟ್ಟ ಹಾಗೆ! ನನಗೆ ಮೂರು ಸಲ ಬೇಡಿದರೂ ದಕ್ಕದ್ದು ಇವಳಿಗೆ ಮಿಕ್ಕಿ ಹಂಚುವಷ್ಟಿದೆಯೇ? ಜೀವನಪೂರ್ತಿ ಆ ಮಗು ನನ್ನನ್ನು ಅಮ್ಮ ಎಂದಾಗಲೆಲ್ಲ ಇವಳು ಮೂಲೆಯಲ್ಲಿ ನಿಂತು ದೊಡ್ಡ ಮನಸ್ಸಿನ ನಗು ನಗುತ್ತಾಳೆ, ನಾನು ನೋಡುತ್ತ ಇರಬೇಕು.

"ನಂಗೆ ಯಾರದ್ದೂ ಬೇಡ. ನಾನು ಇಂಜೆಕ್ಷನ್ನೇ ತಗೋತೀನಿ" ಎಂದುಬಿಟ್ಟೆ.

ತೀರ್ಮಾನವಾದದ್ದು ಹೀಗೆ. ಸಾಧಕಬಾಧಕ ತೂಗಿ ನೋಡಿದೆ, ಧೈರ್ಯ ತಂದುಕೊಂಡೆ ಎಂದೆಲ್ಲ ಈಗ ಹೇಳಿಕೊಳ್ಳಬಹುದು. ಅಂಥದ್ದೇನೂ ನಡೆಯಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಬಾಯಿಗೆ ಬಂತು, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಮೆಲ್ಲಗೆ ಶುರು ಮಾಡಿದರು. "ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಅವರು ಕೊಡ್ತೀವಿ ಅಂತಿದಾರೆ. ಹೊರಗಿಂದಲ್ಲ, ನಮ್ಮನೆ ರಕ್ತಾನೇ ಅಲ್ವಾ?"

"ನಿಮ್ಮನೆ ರಕ್ತ ಕಣ್ರೀ. ಅದರಲ್ಲಿ ನನ್ನದೆಲ್ಲಿದೆ?"

ಮುಂದಿನ ಸೀಟಿನವರು ತಿರುಗಿ ನೋಡಿದರು.  ಆದರೂ ಮರುವಾರ ಗಂಡ ಡಾಕ್ಟರಮ್ಮನ ಹತ್ತಿರ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡರು. ಆ ಮನುಷ್ಯ ಒಳ್ಳೆಯವರು. ಸೂಜಿ ಕಂಡರೆ ಮಾತ್ರ ತಲೆ ಹಿಡಿದುಕೊಂಡು ಕೂರುತ್ತಾರೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನಾನು ನಾಲ್ಕನೇ ಸಲ ಬಸುರಾದೆ. ಮಾತ್ರೆ, ಇಂಜೆಕ್ಷನ್ ಎರಡೂ ಶುರುವಾದವು. ಗಂಡನಿಗೆ ಚುಚ್ಚುವುದನ್ನು ಕಲಿಸಲು ಹೋದ ನರ್ಸ್ ಕೊನೆಗೆ ಅವರಿಗೇ ನೀರು ಕುಡಿಸಬೇಕಾಯಿತು. ನನಗೋ ನನ್ನ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳಲು ಕೈ ಬರುತ್ತಿರಲಿಲ್ಲ. ಹಗಲಿಡೀ ಒಬ್ಬಳೇ ಇರುವುದು ಬೇಡ, ಭದ್ರಾವತಿಗೆ ಬಾ ಎಂದರು ಅತ್ತೆ. ಸೂಜಿಯನ್ನು ಮಾತ್ರ ತಾನು ಮುಟ್ಟುವುದಿಲ್ಲ ಎಂದೂ ಹೇಳಿದರು.

"ನಾನು ಚುಚ್ತೀನಿ" ಎಂದಳು ವಾರಗಿತ್ತಿ.

ಬೇರೆ ಯಾರಾದರೂ ಅಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಇವಳು! ಆದರೆ ಬೇರೆ ದಾರಿ ಇರಲಿಲ್ಲ. ಅವಳೇ ಶಿವಮೊಗ್ಗಕ್ಕೆ ಬಂದು ನರ್ಸಿನ ಹತ್ತಿರ ಕಲಿತುಕೊಂಡಳು. ಹೊಕ್ಕುಳಿನಿಂದ ದೂರಕ್ಕೆ ಚರ್ಮ ಚಿವುಟಿ ಹಿಡಿಯಬೇಕು, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಚುಚ್ಚಬೇಕು, ಆಮೇಲೆ ಉಜ್ಜಬಾರದು, ಹತ್ತಿ ಇಟ್ಟು ಒತ್ತಿ ಹಿಡಿಯಬೇಕು. ಬೆಳಗಿನ ಪಾಳಿಯ ಸೈರನ್ ಆಗಿ ಮೈದುನ ಹೊರಟ ಮೇಲೆ ಅವಳು ಕೈ ತೊಳೆದುಕೊಂಡು ಬರುತ್ತಿದ್ದಳು. ಅವಳ ಹೊಟ್ಟೆ ಮುಂದೆ, ಅವಳು ಹಿಂದೆ. ಬಗ್ಗುವಾಗ ಏದುಸಿರು ಬಿಡುತ್ತ ಮಂಚದ ಅಂಚು ಹಿಡಿದುಕೊಳ್ಳುತ್ತಿದ್ದಳು. ನನ್ನ ಹೊಟ್ಟೆಯ ಮೇಲೆ ಆಗಲೇ ನೇರಳೆಹಣ್ಣಿನ ಕಲೆಯಂತೆ ಅಲ್ಲಲ್ಲಿ ನೀಲಿಗಟ್ಟಿತ್ತು. ಅವಳದು ತುಂಬಿ ಮಿರಮಿರನೆ ಹೊಳೆಯುತ್ತಿತ್ತು. ಸೂಜಿ ಹೋಗುವಾಗ ನಾನು ನೋಡುತ್ತಿದ್ದುದು ಅದನ್ನೇ.

ಔಷಧಿ ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಚುರುಚುರು ಎನ್ನುತ್ತಿತ್ತು. ಅವಳು ಹತ್ತಿ ಒತ್ತಿ ಹಿಡಿದು ದಿನವೂ ಕೇಳುತ್ತಿದ್ದಳು:

"ಹೊಟ್ಟೆ ಉರೀತಾ ಅಕ್ಕಾ?"

ಸೂಜಿಯದನ್ನು ಕೇಳಿದಳೋ ಇನ್ನೊಂದನ್ನೋ? ಮೊದಲ ಸಲ ನಾನು ತಟ್ಟನೆ ಅವಳ ಮುಖ ನೋಡಿದೆ. ಅವಳು ಹತ್ತಿಯನ್ನೇ ನೋಡುತ್ತಿದ್ದಳು. "ಇಲ್ಲ" ಎಂದು ಮುಖ ತಿರುಗಿಸಿಕೊಂಡೆ. ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಮೂರನೇ ತಿಂಗಳು ಬಿದ್ದ ಹೊಸದರಲ್ಲಿ ಒಂದು ಬೆಳಿಗ್ಗೆ ಸೀರೆಯಲ್ಲಿ ಕಲೆ ಕಂಡಿತು. ಅಯ್ಯೋ ಶಿವನೇ, ಆ ಬಣ್ಣ ನನಗೆ ಗುರುತಿತ್ತು. ಅತ್ತೆ ದೇವರ ಮನೆ ಬಾಗಿಲಲ್ಲೇ ಕುಸಿದು, "ನಾನು ಬಡ್ಕೊಂಡೆ, ಬಡ್ಕೊಂಡೆ, ಯಾರಾದ್ರೂ ಕೇಳಿದ್ರಾ?" ಎಂದು ಅತ್ತರು. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದೆವು. ಸ್ಕ್ಯಾನಿನಲ್ಲಿ ಮಗುವಿನ ಎದೆ ಬಡಿಯುತ್ತಲೇ ಇತ್ತು. ಡಾಕ್ಟರಮ್ಮ ಹೇಳಿದ್ದು ಇಷ್ಟು: ರಕ್ತ ಹೋದದ್ದು ಸ್ವಲ್ಪವೇ, ಇಂಜೆಕ್ಷನ್ನಿನಿಂದಲೇ ಎನ್ನಲು ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ. ಅವರಾಗಿದ್ದರೆ ಮುಂದುವರಿಸುತ್ತಿದ್ದರಂತೆ. ನಿಲ್ಲಿಸುತ್ತೇನೆಂದರೆ ಒತ್ತಾಯವಿಲ್ಲ, ನಾಳೆ ಬೆಳಿಗ್ಗೆಯೊಳಗೆ ತಿಳಿಸಿ.

ಮರುದಿನ ಬೆಳಿಗ್ಗೆ ಅವಳು ಸಿರಿಂಜ್ ಹಿಡಿದು ಬಂದಾಗ ನಾನು ಹೊದಿಕೆ ಎಳೆದುಕೊಂಡೆ.

"ಬೇಡ. ಅತ್ತೆ ಹೇಳೋದೇ ಸರಿಯೇನೋ. ನಿಲ್ಲಿಸಿಬಿಡೋಣ."

ಅವಳು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು.

"ಡಾಕ್ಟರು ಬೇಡ ಅಂದ್ರಾ?"

"ಅನ್ಲಿಲ್ಲ."

"ಮತ್ತೆ?"

"ನಿಂಗೇನಾಗಬೇಕು ಮಾರಾಯ್ತಿ? ನಿನ್ನ ಹೊಟ್ಟೆ ತುಂಬಿದೆ. ಹೋದ್ರೆ ನಂದು ಹೋಗುತ್ತೆ!"

"ನಿಮ್ಮದು ಹೋದ್ರೆ ನಂದೂ ಹೋಗುತ್ತೆ ಅಕ್ಕಾ" ಎಂದಳು. "ನನ್ನನ್ನ ಯಾರು ಕೇಳಿದ್ರು? ಅತ್ತೆ ಅಂದ್ರು, ಇವರು ಹೂಂ ಅಂದ್ರು. ಯುಗಾದಿ ದಿನ ನೀವು ಬೇಡ ಅಂದ್ರಲ್ಲ, ಬಚ್ಚಲಿಗೆ ಹೋಗಿ ಖುಷಿಗೆ ಅತ್ತುಬಿಟ್ಟೆ ನಾನು. ಆದ್ರೆ ಅತ್ತೆ ಇನ್ನೂ ಬಿಟ್ಟಿಲ್ಲ. ನಿಮ್ಮದು ನಿಲ್ಲದಿದ್ರೆ ಇದು ನಿಮಗೇ ಅಂತ ಹೇಳ್ತಾನೇ ಇದಾರೆ. ನಿಮ್ಮದು ನಿಂತ್ರೆ ನಂದು ನಂಗೆ ಉಳಿಯುತ್ತೆ. ಅದಕ್ಕೇ ಚುಚ್ತಾ ಇರೋದು. ನಿಮ್ಮ ಮೇಲಿನ ಪ್ರೀತಿಗಲ್ಲ."

ಇಷ್ಟು ತಿಂಗಳು ನಾನು ಇವಳನ್ನು ಧಾರಾಳಿ ಎಂದುಕೊಂಡು ಉರಿದುಬಿದ್ದಿದ್ದೆ. ಇವಳೋ ದಿನವೂ ನನ್ನ ಹೊಟ್ಟೆಯನ್ನು ನೋಡಿ ತನ್ನ ಮಗುವಿನ ಭವಿಷ್ಯ ಲೆಕ್ಕ ಹಾಕುತ್ತಿದ್ದಳು. ಪ್ರೀತಿಗಲ್ಲ ಎಂದು ಅವಳು ಮುಖಕ್ಕೆ ಹೇಳಿದ್ದರಿಂದಲೇ ನನಗೆ ಅವಳ ಕೈಯ ಮೇಲೆ ನಂಬಿಕೆ ಬಂತು. ಹೊದಿಕೆ ಸರಿಸಿದೆ. ಅವಳು ಚುಚ್ಚಿದಳು, ಹತ್ತಿ ಒತ್ತಿ ಹಿಡಿದಳು. ಅಂದು ಮಾತ್ರ ಏನೂ ಕೇಳಲಿಲ್ಲ.

ರಕ್ತ ನಿಂತಿತು. ದಸರೆಯ ಹೊತ್ತಿಗೆ ಅವಳಿಗೆ ಗಂಡುಮಗು ಹುಟ್ಟಿತು. ಬಾಣಂತಿ ಸೂಜಿ ಹಿಡಿಯಬಾರದು ಎಂದು ಅತ್ತೆ ರೇಗಿದರೂ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡೇ ನನ್ನನ್ನು ತನ್ನ ಕೋಣೆಗೆ ಕರೆಸಿಕೊಂಡಳು. ಮಗುವಿಗೆ ಹೆಸರಿಡುವ ಮಾತು ಬಂದಾಗಲೆಲ್ಲ ಅತ್ತೆ ನನ್ನ ಹೊಟ್ಟೆ ನೋಡಿ, "ಅವಸರ ಏನು? ಯಾರಿಡ್ತಾರೆ ಅಂತ ಆಮೇಲೆ ನೋಡೋಣ" ಎನ್ನುತ್ತಿದ್ದರು. ಅದು ಬೋರಲು ಬಿದ್ದು ತಲೆ ಎತ್ತುವಷ್ಟಾದರೂ ಎಲ್ಲರ ಬಾಯಲ್ಲೂ ಪಾಪುವೇ. ಅವಳು ಹಾಲೂಡಿಸುವಾಗ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಅವಳ ಕಷ್ಟ ಗೊತ್ತಾದ ಮಾತ್ರಕ್ಕೆ ನನ್ನ ಕಿಚ್ಚು ಆರಲಿಲ್ಲ. ಅವಳ ತೋಳಿನಲ್ಲಿ ಮಗುವಿತ್ತು, ನನ್ನ ತೋಳು ಖಾಲಿ ಇತ್ತು.

ಮುಂದಿನ ಯುಗಾದಿ ಇನ್ನೂ ದೂರವಿರುವಾಗ ಡಾಕ್ಟರಮ್ಮ ಇಂಜೆಕ್ಷನ್ ನಿಲ್ಲಿಸಿ, ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಪುಟ್ಟದಾಗಿದ್ದಳು, ಆದರೆ ಆಸ್ಪತ್ರೆಯೇ ಕೇಳುವಂತೆ ಅತ್ತಳು.

ಮರುದಿನ ವಾರಗಿತ್ತಿ ಮಗನನ್ನು ಎತ್ತಿಕೊಂಡು ಅತ್ತೆಯ ಜೊತೆ ಬಂದಳು. ನನ್ನ ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು. ಚೆನ್ನಾಗಿದಾಳೆ, ಯಾರ ಹಾಗಿದಾಳೆ, ಏನೂ ಅನ್ನಲಿಲ್ಲ. ಸೀದಾ ಕಿಟಕಿಯ ಬಳಿ ಹೋಗಿ ತನ್ನ ಮಗನ ಕಿವಿಗೆ ಬಾಯಿಟ್ಟು ಒಂದು ಹೆಸರನ್ನು ಮೂರು ಸಲ ಹೇಳಿದಳು.

"ಏನೇ ಅದು? ತೊಟ್ಟಿಲಿಲ್ಲ, ಸೋದರತ್ತೆ ಇಲ್ಲ" ಎಂದರು ಅತ್ತೆ.

"ಹೆಸರು ಅತ್ತೆ. ನನ್ನ ಮಗನ ಹೆಸರು."

ಅತ್ತೆ ಮೊಮ್ಮಗಳ ಹೊದಿಕೆ ಸರಿಮಾಡಲು ಬಗ್ಗಿದರು.

"ಇದನ್ನ ಯಾವಾಗ ಯೋಚಿಸಿದ್ಯೇ?" ನಾನು ಕೇಳಿದೆ.

"ಯುಗಾದಿಗೂ ಮುಂಚೆ ಅಕ್ಕಾ. ಗಂಡಾದ್ರೆ ಇದು, ಹೆಣ್ಣಾದ್ರೆ ಇನ್ನೊಂದು ಅಂತ."

ಯುಗಾದಿಗೂ ಮುಂಚೆ! ಅಂದರೆ ನೆಲ ನೋಡುತ್ತ, ಇದು ನಿಮ್ಮದೇ ಅಂದ್ಕೊಳ್ಳಿ ಎಂದಾಗಲೂ ಆ ಹೆಸರು ಅವಳ ನಾಲಿಗೆಯ ಅಡಿಯಲ್ಲಿತ್ತು.

"ನಿಮ್ಮ ಮಗಳಿಗೆ ಏನಿಡ್ತೀರಿ?"

ನನ್ನ ಹತ್ತಿರ ಒಂದೂ ಇರಲಿಲ್ಲ. ನಾಲ್ಕು ಬಸಿರಿನಲ್ಲಿ ಒಂದು ಹೆಸರನ್ನು ಯೋಚಿಸುವ ಧೈರ್ಯವನ್ನೂ ನಾನು ಮಾಡಿರಲಿಲ್ಲ. ಬಿಟ್ಟುಕೊಡಬೇಕಾಗಿದ್ದ ಮಗುವಿಗೂ ಅವಳು ಹೆಸರಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಮಲಗಿದ್ದ ನನ್ನ ಮಗಳು ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿದ್ದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ಆ ಕಡೆ ತಿರುಗಿದೆ.

ಅವಳು ಹತ್ತಿರ ಬಂದು ಬಗ್ಗಿದಳು.

"ಹೊಟ್ಟೆ ಉರೀತಾ ಅಕ್ಕಾ?"

"ಹೂಂ ಕಣೇ, ಉರೀತಿದೆ" ಎಂದೆ.