ಮೋಟರಿಗೆ ಇಟ್ಟ ಕುಂಕುಮ

ಆಯುಧಪೂಜೆಯ ದಿನ ನನ್ನ ತಂಟೆಗೆ ಬರಬಾರದು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊಮ್ಮಕ್ಕಳು ಸ್ಕೂಟರು ತೊಳೆದು, ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಕುಂಕುಮ ಇಟ್ಟು, ಅಜ್ಜಿಗೆ ಇವತ್ತು ಕೋಪ ಮೂಗಿನ ಮೇಲೇ ಇದೆ ಎಂದು ನಗುತ್ತಾರೆ. ನಗಲಿ. ನನ್ನ ಕೋಪ ಹಬ್ಬದ ಮೇಲಲ್ಲ, ದೇವರ ಮೇಲೂ ಅಲ್ಲ. ಅರವತ್ತು ವರ್ಷಕ್ಕೂ ಹಿಂದೆ ಬರೆದ ಒಂದು ಕಾಗದದ ಮೇಲೆ. ಅದನ್ನು ಬರೆದದ್ದು ನನ್ನದೇ ಕೈ, ಅದಕ್ಕೇ ಅದು ಆರುವುದಿಲ್ಲ.

ನಮ್ಮ ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಅಪ್ಪನೂ ಅಲ್ಲಿಯೇ ಸೇರಿಕೊಂಡಿದ್ದರು. ಸ್ವಾತಂತ್ರ್ಯ ಬಂದು ರಾಜರ ಆಳ್ವಿಕೆ ಮುಗಿದ ಮೇಲೆ ಅರಮನೆಯ ಇಲಾಖೆಗಳು ಒಂದೊಂದಾಗಿ ಕರಗಿದವು, ಅಪ್ಪನ ಕೆಲಸವೂ ಹೋಯಿತು. ಕೈಗೆ ಬಂದ ಅಷ್ಟಿಷ್ಟು ಹಣದಲ್ಲಿ ಅವರು ಅಗ್ರಹಾರದ ನಮ್ಮ ಮನೆಯ ಹಿತ್ತಲಿಗೆ ತಗಡಿನ ಚಪ್ಪರ ಹಾಕಿಸಿ, ಬಟ್ಟೆ ಒಗೆಯುವ ಬಾರ್ ಸೋಪು ಮಾಡಲು ಶುರುಮಾಡಿದರು. ಬೀದಿಯವರು ಮೂಗು ಮುರಿದರು. ಸಂಧ್ಯಾವಂದನೆ ಮಾಡುವ ಕೈಯಲ್ಲಿ ಕಾಸ್ಟಿಕ್ ಸೋಡಾ ಕಲಸುತ್ತಾನೆ ಎಂದು ನಮ್ಮ ದೊಡ್ಡಪ್ಪನೇ ಮದುವೆ ಮನೆಯೊಂದರಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಅದೇ ದೊಡ್ಡಪ್ಪ ತಿಂಗಳಿಗೆ ನಾಲ್ಕು ಬಾರು ಪುಕ್ಕಟೆಯಾಗಿ ತರಿಸಿಕೊಳ್ಳುತ್ತಿದ್ದರು, ಅದನ್ನೂ ಹೇಳಿಬಿಡುತ್ತೇನೆ.

ಸೋಪು ಮಾಡುವುದರಲ್ಲಿ ಕಷ್ಟದ ಕೆಲಸ ಒಂದೇ, ತಿರುವುವುದು. ಕೊಪ್ಪರಿಗೆಯಲ್ಲಿ ಹೊಂಗೆ ಎಣ್ಣೆ, ಕೊಬ್ಬರಿ ಎಣ್ಣೆ ಕಾಯಿಸಿ, ಸೋಡಾದ ನೀರನ್ನು ಸಣ್ಣಗೆ ಬಿಡುತ್ತ, ಮರದ ಹುಟ್ಟು ಹಿಡಿದು ಒಂದೇ ದಿಕ್ಕಿಗೆ ತಿರುವುತ್ತಲೇ ಇರಬೇಕು. ನಿಲ್ಲಿಸಿದರೆ ಎಣ್ಣೆ ಬೇರೆ, ನೀರು ಬೇರೆ ಒಡೆದುಕೊಂಡು ಆ ದಿನದ ಸರಕೆಲ್ಲ ಹಾಳು. ಬರಬರುತ್ತ ಅದು ಗಂಜಿಯಂತೆ, ಆಮೇಲೆ ಅಂಬಲಿಯಂತೆ, ಕೊನೆಗೆ ರಾಗಿ ಮುದ್ದೆಯಂತೆ ಬಿಗಿಯುತ್ತದೆ. ಈ ಕೆಲಸ ಮಾಡುತ್ತಿದ್ದವಳು ಊರಾಚೆಯ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಒಕ್ಕಲು ಮನೆತನದ ಹೆಂಗಸು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದಳು. ಸಂಜೆ ಅವಳು ಕೆಲಸ ಮುಗಿಸಿ ಕೂತಾಗ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅದು ಅಪ್ಪನ ಕಣ್ಣಿಗೆ ಬೀಳದೆ ಇರಲಿಲ್ಲ.

ಮುಚ್ಚಿಹೋದ ಹಿಟ್ಟಿನ ಗಿರಣಿಯೊಂದರ ಸಾಮಾನು ಹರಾಜಿಗೆ ಬಂದಾಗ ಅಪ್ಪ ಒಂದು ಮೋಟರು ಕೊಂಡುಬಂದದ್ದು ಅದಕ್ಕೇ. ಗಾಡಿಯಿಂದ ಇಳಿಸುವಾಗ ಅವರ ಮುಖ ನೋಡಬೇಕಿತ್ತು. ಮುಂದಿನ ದಸರೆಯ ಹೊತ್ತಿಗೆ ನೀನು ಹುಟ್ಟು ಮುಟ್ಟುವ ಹಾಗಿಲ್ಲ, ಇದೇ ತಿರುವುತ್ತದೆ, ನೀನು ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕು ಎಂದು ಅಕ್ಕನಿಗೆ ಮಾತು ಕೊಟ್ಟರು. ಅವಳು ಸೆರಗಿನಿಂದ ಮೋಟರಿನ ಧೂಳು ಒರೆಸಿ ನಕ್ಕಳು.

ಆಗ ಬಂತು ಸುಂಕ. ಜೊತೆಯಲ್ಲೇ ಸಣ್ಣವರಿಗೆ ವಿನಾಯಿತಿಯೂ ಬಂತು. ಸೋಪಿಗೆ ಸುಂಕ ಕಟ್ಟಬೇಕು, ಆದರೆ ವಿದ್ಯುತ್ತಿನ ಸಹಾಯವಿಲ್ಲದೆ ಕೈಯಲ್ಲೇ ಮಾಡಿದ ಸೋಪಿಗೆ ಸುಂಕವಿಲ್ಲ. ಅಪ್ಪ ಕೂತು ಲೆಕ್ಕ ಹಾಕಿದರು. ಮೋಟರು ಓಡಿಸಿದ ದಿನವೇ ಲೈಸೆನ್ಸು, ರಿಜಿಸ್ಟರು, ತೂಕಕ್ಕೆ ಇಷ್ಟೆಂದು ಸುಂಕ. ದೊಡ್ಡ ಕಾರ್ಖಾನೆಯವರು ಅದನ್ನು ಹೊತ್ತುಕೊಂಡೂ ನಮಗಿಂತ ಅಗ್ಗಕ್ಕೆ ಮಾರಬಲ್ಲರು, ನಾವು ಮೂರು ತಿಂಗಳಿಗೆ ಬಾಗಿಲು ಹಾಕಬೇಕಾಗುತ್ತಿತ್ತು. ಇನ್ನೆರಡು ವರ್ಷ ಹೀಗೇ ತಳ್ಳೋಣ, ಸುಂಕ ತಡೆದುಕೊಳ್ಳುವಷ್ಟು ವ್ಯಾಪಾರ ಬೆಳೆಯಲಿ, ಆಮೇಲೆ ಹಾಕಿಸೋಣ ಎಂದರು. ಮೋಟರು ಚಪ್ಪರದ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತು. ತಿಂಗಳಿಗೊಮ್ಮೆ ಅಪ್ಪ ಗೋಣಿ ಸರಿಸಿ ಎಣ್ಣೆ ಬಿಟ್ಟು, ತುಕ್ಕು ಹಿಡಿಯದಿರಲೆಂದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಮತ್ತೆ ಹೊದಿಸುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಚಪ್ಪರ ತೊಳೆದು, ಕೊಪ್ಪರಿಗೆ, ಹುಟ್ಟು, ತಕ್ಕಡಿ, ಸೋಪು ಕತ್ತರಿಸುವ ತಂತಿ, ಅಪ್ಪನ ಸೈಕಲ್ಲು, ಅಮ್ಮನ ಈಳಿಗೆಮಣೆ ಎಲ್ಲವನ್ನೂ ಸಾಲಾಗಿ ಇಟ್ಟೆವು. ನಾನು ವಿಭೂತಿ, ಕುಂಕುಮ ಹಚ್ಚುತ್ತ ಬಂದೆ. ಮೋಟರಿನ ಹತ್ತಿರ ಕೈ ತಡೆಯಿತು. ಕೆಲಸ ಮಾಡದ ವಸ್ತುವಿಗೆ ಯಾಕೆ ಎಂದೆ.

"ಅದನ್ನೊಂದ ಬುಟ್ಬುಟ್ರೆ ಎಂಗೆ ಅಮ್ಮಣ್ಣಿ? ಮುಂದಕ್ಕೆ ದುಡಿಯೋದು ಅದೇ ಕಣವ್ವಾ" ಎಂದಳು ಅಕ್ಕ.

ಸರಿ ಎನಿಸಿತು. ಗೋಣಿ ತೆಗೆದು ಮೋಟರಿಗೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟೆ. ಅಕ್ಕ ಚೆಂಡುಹೂವಿನ ಹಾರ ಹಾಕಿದಳು, ಅಪ್ಪ ನಿಂಬೆಹಣ್ಣು ಇಟ್ಟು ಆರತಿ ಎತ್ತಿದರು. ಪೂಜೆಯ ಹಾರ ತಾನಾಗಿ ಬಾಡಿ ಒಣಗುವವರೆಗೆ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಹಬ್ಬದ ರಜ ಮುಗಿದ ಮೇಲೂ ಅದು ಹಾಗೆಯೇ ಇತ್ತು.

ಸುಂಕದ ಇನ್ಸ್‌ಪೆಕ್ಟರು ಬಂದದ್ದು ಆಗ. ಎಳೆಯ ಪ್ರಾಯದವನು, ಅವನ ಹಣೆಯ ಮೇಲೂ ಕುಂಕುಮವಿತ್ತು. ಕೊಪ್ಪರಿಗೆಯಲ್ಲಿ ಅಕ್ಕ ಬೆವರು ಸುರಿಸುತ್ತ ಹುಟ್ಟು ಹಾಕುತ್ತಿದ್ದುದು ಅವನಿಗೆ ಕಾಣಲಿಲ್ಲ. ಮೂಲೆಯ ಮೋಟರು ಕಂಡಿತು. ಬಗ್ಗಿ ನೋಡಿ, ಎಣ್ಣೆಯ ಕಲೆಯನ್ನು ಬೆರಳಿಗೆ ಹತ್ತಿಸಿಕೊಂಡು, ಇದಕ್ಕೆ ಯಾಕೆ ಪೂಜೆ ಮಾಡಿದ್ದೀರಿ ಎಂದು ಅಪ್ಪನನ್ನು ಕೇಳಿದ.

ಅಪ್ಪ ಅಲ್ಲೇ ತಪ್ಪಿದರು. ಕೆಟ್ಟದ್ದು, ಓಡದ್ದು, ಸುಮ್ಮನೆ ಬಿದ್ದಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪೂಜೆ ಮಾಡಿ ಹಾರ ಇನ್ನೂ ಕೊರಳಲ್ಲಿರುವಾಗ, ಅದರ ಎದುರಿಗೇ ನಿಂತು ಕೆಲಸಕ್ಕೆ ಬಾರದ್ದು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಮ್ಮ ಜನ ಹಬ್ಬದಲ್ಲಿ ಅಕ್ಕಿ ಮುಗಿದರೂ ಮುಗಿಯಿತು ಎನ್ನುವುದಿಲ್ಲ, ತುಂಬಿದೆ ಎನ್ನುತ್ತಾರೆ. ಅಪ್ಪ ಕೈ ಮುಗಿದು, "ನಮಗೆ ಅನ್ನ ಹಾಕೋದಲ್ವೇ ಸ್ವಾಮಿ, ಪೂಜೆ ಮಾಡದೆ ಇರೋಕಾಗುತ್ಯೇ?" ಎಂದರು.

ಅವನು ಅದನ್ನು ಅಕ್ಷರಶಃ ಬರೆದುಕೊಂಡ, ಅಪ್ಪನಿಂದ ಸಹಿ ಹಾಕಿಸಿಕೊಂಡ. ನಾನು ಓಡಿ ಬಂದು, ಇದಕ್ಕೆ ತಂತಿ ಎಲ್ಲಿದೆ ತೋರಿಸಿ, ಮನೆಗಿರುವುದು ಎರಡು ಬಲ್ಬಿನ ಕನೆಕ್ಷನ್ನು ಎಂದೆ. ತಂತಿ ಬಿಚ್ಚಿಡುವುದು ಎಷ್ಟು ಹೊತ್ತಿನ ಕೆಲಸ ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡ. ಹೊರಡುವಾಗ ನಮ್ಮಮ್ಮ ಕೊಟ್ಟ ಹಬ್ಬದ ಚಿರೋಟಿಯನ್ನು ಮಾತ್ರ ಬೇಡವೆನ್ನಲಿಲ್ಲ.

ಹದಿನೈದು ದಿನಕ್ಕೆ ನೋಟೀಸು ಬಂತು. ವಿದ್ಯುತ್ ಯಂತ್ರ ಬಳಸುತ್ತಿರುವುದು ಯಜಮಾನರ ಹೇಳಿಕೆಯಿಂದಲೇ ಸಾಬೀತಾಗಿದೆ, ವಿನಾಯಿತಿ ರದ್ದುಮಾಡಿ ಮೊದಲ ದಿನದಿಂದ ಸುಂಕ ಯಾಕೆ ವಸೂಲು ಮಾಡಬಾರದು ಎಂದು. ಅಷ್ಟು ಹಣ ನಮ್ಮ ಮನೆ ಮಾರಿದರೆ ಹುಟ್ಟೀತೇನೋ. ಅಮ್ಮ ಊಟ ಬಿಟ್ಟಳು. ಅಕ್ಕ ಮಾತ್ರ ದಿನಾ ಬಂದು, ಯಾರೂ ಹೇಳದಿದ್ದರೂ ಒಲೆ ಹಚ್ಚುತ್ತಿದ್ದಳು. ಚಪ್ಪರ ಮುಚ್ಚಿದರೆ ಅವಳ ಮನೆಯ ಒಲೆಯೂ ಆರುತ್ತಿತ್ತು. ನಾನು ಆಗಷ್ಟೇ ಇಂಟರ್‌ಮೀಡಿಯೆಟ್ ಮುಗಿಸಿದ್ದೆ, ಉತ್ತರ ನಾನೇ ಬರೆದೆ. ವಿಚಾರಣೆಗೂ ಅಪ್ಪನ ಜೊತೆ ಹೊರಟೆ.

ಸುಂಕದ ಕಚೇರಿ ಆಗ ಒಂಟಿಕೊಪ್ಪಲಿನ ಒಂದು ಬಾಡಿಗೆ ಬಂಗಲೆಯಲ್ಲಿತ್ತು. ಅಪ್ಪ ಅರಮನೆಗೆ ಹೋಗುತ್ತಿದ್ದ ಕಾಲದ ಕರಿ ಕೋಟು ತೊಟ್ಟು ಪೇಟ ಸುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಬರಹೇಳಿದವರು ಮಧ್ಯಾಹ್ನ ಮೂರರವರೆಗೆ ವರಾಂಡದ ಬೆಂಚಿನ ಮೇಲೆ ಕೂರಿಸಿದರು. ಆ ಐದು ಗಂಟೆಯಲ್ಲಿ ನಾನು ಕಚೇರಿಯ ಒಂದೊಂದು ಮೊಳೆಯನ್ನೂ ನೋಡಿದೆ. ಒಳಗೆ ಬೀರುವಿನ ಮೇಲೆ ಒಂದು ಟೈಪ್‌ರೈಟರು ಕೂತಿತ್ತು. ಅರ್ಧ ಅಕ್ಷರಗಳಿಲ್ಲ, ಉರುಳೆಯೇ ಇಲ್ಲ. ಅದರ ಹಣೆಯ ಮೇಲೆ ವಿಭೂತಿ, ಕುಂಕುಮ, ಪಕ್ಕಕ್ಕೆ ಒಣಗಿದ ಸೇವಂತಿಗೆ.

ಸಾಹೇಬರು ಒಳಗೆ ಕರೆದು, ಫೈಲು ಬಿಡಿಸಿ, ಅಪ್ಪನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ನಮಗೆ ಅನ್ನ ಹಾಕುವುದು. ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೈ ಕಟ್ಟಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

"ಸಾರ್, ಬೀರು ಮೇಲಿರೋ ಆ ಟೈಪ್‌ರೈಟರಿಗೂ ಪೂಜೆ ಆಗಿದೆ. ಅದರಲ್ಲಿ ಒಂದು ಕಾಗದ ಹೊಡೆಸಿ ಕೊಡಿ, ನಾವು ಪೂರ್ತಿ ಸುಂಕ ಕಟ್ತೀವಿ" ಎಂದೆ.

ಅಪ್ಪ ಸುಮ್ಮನಿರೇ ಎಂದು ನನ್ನ ಕೈ ಹಿಡಿದರು. ಸಾಹೇಬರು ತಿರುಗಿ ಬೀರು ನೋಡಿದರು, ಆಮೇಲೆ ನಕ್ಕರು. ಗದರಿಸಿದ್ದರೆ ಎಷ್ಟೋ ವಾಸಿಯಿತ್ತು. ಕೆಟ್ಟವರಾಗಿರಲಿಲ್ಲ ಅವರು, ಅದೇ ನನ್ನ ಹೊಟ್ಟೆ ಉರಿಸುವುದು. ಅಪ್ಪನನ್ನು ಕೂರಹೇಳಿ, ನೀರು ತರಿಸಿ, ಪೂಜೆಯ ವಿಷಯ ಬಿಟ್ಟುಬಿಡೋಣ ಎಂದರು. ಆದರೆ ಮೋಟರು ಇದೆ, ಮನೆಯಲ್ಲಿ ಕರೆಂಟಿದೆ, ನಾಳೆ ನೀವು ಜೋಡಿಸಿಕೊಂಡರೆ ನಮಗೆ ಗೊತ್ತಾಗುವುದು ಹೇಗೆ? ಒಂದು ಮುಚ್ಚಳಿಕೆ ಬರೆದುಕೊಡಿ, ನೋಟೀಸು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಒಕ್ಕಣೆಯನ್ನೂ ಅವರೇ ಹೇಳಿದರು. ನನ್ನಲ್ಲಿರುವ ಮೋಟರು ಕೆಲಸಕ್ಕೆ ಬಾರದ ಗುಜರಿ. ಅದನ್ನು ಕೂಡಲೇ ವಿಲೇವಾರಿ ಮಾಡುತ್ತೇನೆ. ಇನ್ನು ಯಾವ ಕಾಲಕ್ಕೂ ಈ ಜಾಗದಲ್ಲಿ ವಿದ್ಯುತ್ ಯಂತ್ರ ಹೂಡುವುದಿಲ್ಲ.

ಅಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯಾವ ಕಾಲಕ್ಕೂ ಅನ್ನೋದು ಬೇಕೇ ಸ್ವಾಮಿ?" ಎಂದು ಕೇಳಿದರು.

ಹಾಗೆಯೇ ಬರೆಯಬೇಕು ಎಂದರು ಸಾಹೇಬರು.

ಅಪ್ಪ ಕಾಗದ, ಪೆನ್ನು ಎರಡನ್ನೂ ನನ್ನ ಕಡೆ ಸರಿಸಿದರು. ನಾನೇ ಬರೆದೆ. ಸ್ಕೂಲಿನಲ್ಲಿ ಬಹುಮಾನ ಪಡೆದ ದುಂಡು ಅಕ್ಷರದಲ್ಲಿ ಒಂದೂ ಚಿತ್ತಿಲ್ಲದೆ ಬರೆದೆ. ಅಪ್ಪ ಸಹಿ ಮಾಡಿದರು. ನಾವು ಗೆದ್ದುಬಂದೆವು, ಹಾಗೆಂದೇ ಬೀದಿಯವರೆಲ್ಲ ತಿಳಿದರು.

ಇದು ಎಂಥ ಉಪಕಾರ ನೋಡಿ. ನೀನು ಸಣ್ಣವನು, ನಿನಗೆ ಸುಂಕ ಬೇಡ. ಆದರೆ ಸಣ್ಣವನಾಗಿಯೇ ಇರುತ್ತೇನೆಂದು ಬರೆದುಕೊಡು. ದೊಡ್ಡ ಬಂಡವಾಳದವರು ಹೊಸ ಕಾರ್ಖಾನೆ ಹಾಕಿದರೆ, ಬೆಳೆಯಲಿ ಪಾಪ ಎಂದು ಆದಾಯ ತೆರಿಗೆಯಲ್ಲಿ ವರ್ಷಗಟ್ಟಲೆ ರಿಯಾಯಿತಿ. ಅದಕ್ಕೆ ಇಷ್ಟು ಜನ ಆಳುಗಳಿರಬೇಕು ಎಂಬ ನಿಯಮ, ನಮ್ಮ ಚಪ್ಪರಕ್ಕೆ ಅದು ಯಾವತ್ತೂ ಎಟುಕುತ್ತಿರಲಿಲ್ಲ. ಅವರಿಗೆ ಬೆಳೆಯಲು ವಿನಾಯಿತಿ, ನಮಗೆ ಬೆಳೆಯದಿರಲು ವಿನಾಯಿತಿ. ಸಣ್ಣ ಉದ್ಯಮಕ್ಕೆ ಸರ್ಕಾರದ ಆಸರೆ ಎಂದು ಇವತ್ತಿಗೂ ಯಾರಾದರೂ ಭಾಷಣ ಮಾಡಿದರೆ ನಾನು ರೇಡಿಯೋ ಆರಿಸುತ್ತೇನೆ.

ಮನೆಗೆ ಬಂದಾಗ ಅಕ್ಕ ಹುಟ್ಟು ಹಿಡಿದಿದ್ದಳು. ಪಾಕ ಬಿಗಿಯುವ ಹೊತ್ತು, ಬಿಡುವ ಹಾಗಿರಲಿಲ್ಲ. ತಿರುವುತ್ತಲೇ ಕೇಳಿದಳು.

"ಏನಾಯ್ತು ಅಮ್ಮಣ್ಣಿ, ಬುಟ್ರಾ?"

ಬಿಟ್ಟರು ಎಂದೆ. ಅವಳ ಮುಖ ಅರಳಿತು. ಯಾವ ಬೆಲೆಗೆ ಬಿಟ್ಟರು ಎಂದು ನಾನು ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಆ ವಾರವೇ ಗುಜರಿಯವನು ತಳ್ಳುಗಾಡಿ ತಂದ. ಮೋಟರು ಎತ್ತುವ ಮೊದಲು ಅಕ್ಕ ಒಣಗಿದ ಹಾರ ಬಿಡಿಸಿ ತುಳಸಿಕಟ್ಟೆಗೆ ಹಾಕಿದಳು. ಇದಕ್ಕಿಂತ ಒಳ್ಳೇದು ತರ್ತಾರೆ ಬುಡಿ ಅಯ್ನೋರು ಎಂದು ನಮ್ಮಮ್ಮನಿಗೆ ಸಮಾಧಾನ ಹೇಳಿದಳು. ಅಪ್ಪ ಹಣ ಎಣಿಸದೆ ಜೇಬಿಗೆ ಹಾಕಿಕೊಂಡು ಬೀದಿಗೆ ಹೋಗಿಬಿಟ್ಟರು.

ಆಮೇಲೆ ಎಂಟು ವರ್ಷ ಅವಳು ಕೈಯಲ್ಲೇ ತಿರುವಿದಳು. ಮೊದಲು ರಾತ್ರಿ ಭುಜ ಎಳೆಯುತ್ತದೆ ಎಂದಳು. ಆಮೇಲೆ ಹಿಂದಕ್ಕೆ ಕೈ ಹೋಗುವುದಿಲ್ಲ, ಜಡೆ ಹಾಕಿಕೊಳ್ಳಲಾಗುವುದಿಲ್ಲ ಎಂದಳು. ಅಪ್ಪ ಎಣ್ಣೆ, ಕಷಾಯ, ಆಸ್ಪತ್ರೆ ಎಲ್ಲಕ್ಕೂ ಖರ್ಚು ಮಾಡಿದರು, ಅವಳ ಎದುರಿಗೆ ತಲೆ ಎತ್ತುವುದನ್ನು ಮಾತ್ರ ಬಿಟ್ಟರು. ಬೇರೆ ಆಳು ಇಡುತ್ತೇನೆ ಎಂದರೆ ಅವಳೇ ಒಪ್ಪಲಿಲ್ಲ, ಪಾಕ ಒಡೆದುಹೋಗುತ್ತದೆ ಎಂದು ಹಟ.

ಅವಳು ನಮ್ಮಲ್ಲಿ ಮಾಡಿದ ಕೊನೆಯ ಆಯುಧಪೂಜೆಗೆ ನಾನು ಗಂಡನ ಮನೆಯಿಂದ ಬಂದಿದ್ದೆ. ಹುಟ್ಟನ್ನು ಅವಳು ಎಡಗೈಯಲ್ಲೇ ತೊಳೆದು ವಿಭೂತಿ ಬಳಿದಳು. ಆಮೇಲೆ ಕುಂಕುಮದ ಭರಣಿಯನ್ನು ನನ್ನ ಕಡೆ ಸರಿಸಿದಳು. ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಎಡಗೈಯಲ್ಲಿ ಮುತ್ತೈದೆ ಕುಂಕುಮ ಇಟ್ಟುಕೊಳ್ಳಬಾರದು.

"ವಸಿ ನೀನೇ ಇಡವ್ವಾ" ಎಂದು ಹಣೆ ಮುಂದೆ ಮಾಡಿದಳು.

ಇಟ್ಟೆ. ಬೆರಳನ್ನು ಅವಳ ಹಣೆಯಿಂದ ಕೂಡಲೇ ತೆಗೆಯಲಾಗಲಿಲ್ಲ. ಅವಳು ಅದನ್ನು ಭಕ್ತಿ ಎಂದುಕೊಂಡು ಕಣ್ಣು ಮುಚ್ಚಿದಳು.