ಟಂಟಂನ ಹೊಸ ರೇಟು

ಬಸವನ ಬಾಗೇವಾಡಿಗೂ ಇಂಗಳೇಶ್ವರಕ್ಕೂ ನಡುವೆ ಟಂಟಂ ಆಟೋ ಓಡಿಸುತ್ತಿದ್ದವನು ಡೀಸೆಲ್ ತುಟ್ಟಿಯಾದಾಗ ರೇಟು ಏರಿಸಿದ. ಗೊಣಗಿದವರಿಗೆ ಹೆಗಲ ಟವೆಲ್ ಕೊಡವಿ, "ಕಾಲು ಅದಾವಲ್ರಿ, ನಡೀರಿ" ಎನ್ನುತ್ತಿದ್ದ. ನಮ್ಮ ಇಂಗಳೇಶ್ವರದ ಅರ್ಧ ಮಂದಿಯನ್ನು ಹುರಿದುಂಬಿಸಿ ನಡೆಸಿಯೇ ಬಿಟ್ಟ ಗಂಡು ನಾನು!

"ಏನ್ ಸಾವ್ಕಾರ, ಖಾಲಿ ಗಾಡಿ ಹಗೂರ ಓಡತೈತೇನು?" ಎಂದು ದಿನಾ ಕೆಣಕುತ್ತಿದ್ದೆ.

"ನಿಮ್ಮ ಮೊಣಕಾಲ ಎಷ್ಟ ದಿನ ತಡೀತಾವ ನೋಡೂಣು, ಕಾಕಾ" ಎನ್ನುತ್ತಿದ್ದ.

ನನ್ನ ಮೊಣಕಾಲು ಸೋತು ಟಂಟಂ ಹತ್ತಿ ಕುಳಿತ ದಿನವೇ, ಇಂಗಳೇಶ್ವರದಲ್ಲಿ ಕೂಲಿಯವನೊಬ್ಬ ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಹಿಡಿದುಕೊಂಡು ಬಂದ.

"ಅಣ್ಣಾ, ಕೇಳಿದಷ್ಟ ಕೊಡ್ತೇನಿ. ಬಾಗೇವಾಡಿ ದವಾಖಾನಿ ಮುಟ್ಟಸು."

ಅವನು ನಮ್ಮನ್ನೆಲ್ಲ ಇಳಿಸಿ ಆಕೆಯನ್ನು ಮಲಗಿಸಿದ.

"ಹಳೇ ರೇಟ್ ಕೊಡು, ತಮ್ಮಾ. ಹೊಸಾದು ನಡಿಯಾಕ ಆಗೂವ್ರಿಗೆ ಅಷ್ಟ."

ಆ ದಿನ ನಾವು ಗೊಣಗದೆ ನಡೆದೆವು.