ನನ್ನ ಇಳಿಜಾರಿನಲ್ಲಿ ಕಲ್ಲುಗಳೇ ಇರಲಿಲ್ಲ

“ಮಾಮಾ, ಬ್ರೇಕ್ ಹಿಡೀಲಾರ್ದ ಇಳೀಬಹುದು ಅಂದಿದ್ರಿ. ಇಲ್ಲಿ ನಡಕೊಂಡು ಇಳಿಯಾಕೂ ಆಗವಲ್ದಲ್ರಿ!”

ಕಳೆದ ಭಾನುವಾರ ಬಾದಾಮಿ ಸಮೀಪದ ಕೆಂಪು ಕಲ್ಲಿನ ಗುಡ್ಡದ ಮೇಲೆ ನಿಂತು ಅಕ್ಕನ ಮಗಳು ವೀಣಾ ಹೀಗೆಂದಳು. ದಾರಿ ಹೇಳಿದವನು ನಾನೇ. ಕಾಲೇಜಿನ ದಿನಗಳಲ್ಲಿ ನಾನೂ ಗೆಳೆಯ ಶಂಕ್ರಪ್ಪನೂ ಸಾದಾ ಸೈಕಲ್ ಮೇಲೆ ಇದೇ ಗುಡ್ಡವನ್ನು ಸರ್ರನೆ ಇಳಿದಿದ್ದೆವು ಎಂದು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಈಗ ನಮ್ಮೆದುರಿಗಿದ್ದದ್ದು ಸೊಂಟದೆತ್ತರದ ಬಂಡೆಯಂಚು. ಅದರ ಕೆಳಗೆ ತಲೆದಿಂಬಿನಷ್ಟು ದೊಡ್ಡ ಕಲ್ಲುಗಳು.

ವೀಣಾ ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್. ಮುರಿದ ಮೊಣಕಾಲು ಎಂದರೇನೆಂದು ಅವಳಿಗೆ ಯಾರೂ ಹೇಳಬೇಕಿಲ್ಲ. ಈಚೆಗೆ ಎಂಡ್ಯೂರೊ ಎಂಬ ಜಾತಿಯ ಮೌಂಟೇನ್ ಬೈಕ್ ಕೊಂಡಿದ್ದಾಳೆ. (ಪೆಟ್ರೋಲಿನದಲ್ಲ, ತುಳಿಯುವ ಸೈಕಲ್. ನಮ್ಮ ಓಣಿಯವರು ಇನ್ನೂ ನಂಬಿಲ್ಲ.)

ಎಂಡ್ಯೂರೊ ರೇಸಿನ ರೀತಿಯೇ ವಿಚಿತ್ರ. ಗುಡ್ಡವನ್ನು ತುಳಿದೇ ಹತ್ತಬೇಕು, ಆದರೆ ಗಡಿಯಾರ ಓಡುವುದು ಇಳಿಯುವಾಗ ಮಾತ್ರ. ಹಾಗಾಗಿ ಒಂದೇ ಸೈಕಲ್ಲಿಗೆ ಎರಡು ಸ್ವಭಾವ ಬೇಕು. ಹತ್ತುವಾಗ ಸೀಟು ಎತ್ತರದಲ್ಲಿರುತ್ತದೆ. ಇಳಿಯುವಾಗ ಹ್ಯಾಂಡಲ್ ಪಕ್ಕದ ಗುಂಡಿ ಒತ್ತಿ ಮೈಭಾರ ಹಾಕಿದರೆ ಕೆಳಗಿಳಿದು ಮೈ ಬಗ್ಗಿಸಲು ಜಾಗ ಕೊಡುತ್ತದೆ. ಮುಂದಿನ ಗಾಲಿ ಬಹಳ ಮುಂದಕ್ಕೆ ಚಾಚಿಕೊಂಡಿದೆ, ಕಡಿದಾದಲ್ಲಿ ಸವಾರ ಮುಗ್ಗರಿಸದಿರಲಿ ಎಂದು. ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್.

“ಹಂಗಾರ ಎಲ್ಲಾ ಪೆಟ್ಟು ಅದ ನುಂಗತೈತೇನು?” ಎಂದು ಕೇಳಿದ್ದೆ.

“ಎಲ್ಲಾ ನುಂಗಬಾರದ್ರಿ ಮಾಮಾ. ಭಾಳ ಮೆತ್ತಗ ಇಟ್ರ ಕೆಳಗ ಏನೈತಿ ಅಂತನ ತಿಳಿಯಂಗಿಲ್ಲ.”

ಬಂಡೆಯಂಚಿನಲ್ಲಿ ನಿಂತೇ ಶಂಕ್ರಪ್ಪನಿಗೆ ಫೋನ್ ಹಚ್ಚಿದೆ. ಇಳಕಲ್ಲಿನಲ್ಲಿ ಅವನದು ಸೀರೆ ಅಂಗಡಿ. ಸಾಕ್ಷಿ ನುಡಿಯಲಿ ಎಂದು ಸ್ಪೀಕರ್ ಹಾಕಿದೆ. (ಅದೇ ತಪ್ಪಾಯಿತು.)

“ಲೇ ಶಂಕ್ರ್ಯಾ, ಈ ಗುಡ್ಡಾ ನಾವು ಸೈಕಲ್ ಮ್ಯಾಲೆ ಇಳಿದಿದ್ವಿ, ಖರೆ ಹೌದಿಲ್ಲೋ?”

“ನಾ ಇಳಿದಿದ್ನಿ. ನೀ ಎಲ್ಲಿ ಇಳದಿ ಲೇ? ಸೈಕಲ್ ಹೆಗಲ ಮ್ಯಾಲೆ ಹೊತ್ಕೊಂಡು ಬಂದಿ!”

“ಹೊತ್ತಾವ ನೀನು!”

“ನಿನ್ನ ತಲಿ! ಗಿರಾಕಿ ಬಂದಾರ, ಇಡು ಫೋನು.”

ಸೈಕಲ್ ಹೊತ್ತು ತಡವರಿಸುತ್ತ ಇಳಿಯುವ ಶಂಕ್ರಪ್ಪನ ಬೆನ್ನು ನನಗೆ ಈಗಲೂ ಕಾಣುತ್ತದೆ. ಅವನಿಗೆ ನನ್ನ ಬೆನ್ನು ಕಾಣುತ್ತದಂತೆ. ಬಹುಶಃ ಇಬ್ಬರೂ ಹೊತ್ತಿರಬೇಕು. ಯೂನಿವರ್ಸಿಟಿಯಲ್ಲಿ ಕಲಿತ ಮೇಲೆ ಕಂಡಕಂಡವರ ಮಾತಿಗೆಲ್ಲ ಪುರಾವೆ ಕೇಳುತ್ತ ಬಂದ ನಾನು ನನ್ನ ನೆನಪಿಗೆ ಯಾಕೆ ಒಮ್ಮೆಯೂ ಕೇಳಲಿಲ್ಲ?

ವೀಣಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: “ಖರೆ ಹೇಳ್ರಿ ಮಾಮಾ, ನಿಮ್ಮ ಮಾತು ನಂಬಿ ನಾ ಸೀದಾ ಬಿಟ್ಟಿದ್ರ?”

ನಾನು ಅವಳ ಸೈಕಲ್ಲಿನ ಹ್ಯಾಂಡಲ್ ಹಿಡಿದು ಬಂಡೆಯಂಚಿನಿಂದ ಹಿಂದಕ್ಕೆ ಎಳೆದೆ.

ಪುಣ್ಯಕ್ಕೆ ಈ ಸವಾರರಲ್ಲಿ ಒಂದು ರೂಢಿಯಿದೆ. ಇಳಿಯಬೇಕಾದ ದಾರಿಯನ್ನು ಮೊದಲು ನಡೆದು ನೋಡುತ್ತಾರೆ. ವೀಣಾ ಸೈಕಲ್ ಮಲಗಿಸಿ ಕೆಳಗಿಳಿದಳು. ಹಿಂದೆ ನಾನು, ಅರ್ಧ ದಾರಿ ಕುಂಡೆಯ ಮೇಲೆಯೇ. ಅವಳು ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ಅಲುಗಾಡಿಸಿದಳು. ಬಲಕ್ಕೆ ಚಪ್ಪಟೆ ಬಂಡೆಯೊಂದು ಓರೆಯಾಗಿ ಇಳಿದಿತ್ತು. “ದಾರಿ ಇಲ್ಲೈತಿ” ಎಂದಳು.

ಅವಳು ಮತ್ತೆ ಹತ್ತಿದಳು. ನಾನು ಕೆಳಗೇ ಉಳಿದೆ. ಸೀಟು ಕುಸಿಯಿತು, ಸೈಕಲ್ ಹೊರಟಿತು. ಬಂಡೆಯ ಮೇಲೆ ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ಅವಳು ಮೈ ಬಗ್ಗಿಸಿದಳು, ಸೈಕಲ್ ತಗ್ಗಿ ಎದ್ದು ನನ್ನ ಪಕ್ಕದಿಂದಲೇ ಹಾದುಹೋಯಿತು.

ಬರುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದೆವು. ಚಹಾದವನು ಸೈಕಲ್ಲಿನ ಬಗ್ಗೆ ಕೇಳಿದಾಗ ವೀಣಾ ನನ್ನತ್ತ ಕಣ್ಣು ಮಿಟುಕಿಸಿ, “ನಮ್ಮ ಮಾಮಾ ಸಾದಾ ಸೈಕಲ್ ಮ್ಯಾಲೆನ ಗುಡ್ಡಾ ಇಳಿದಾರ್ರಿ” ಅಂದಳು. ನಾನು ಬಸಿಯೊಳಗೆ ಮುಖ ಹುದುಗಿಸಿದೆ.

ನೆನಪಿಗೂ ಶಾಕ್ ಅಬ್ಸಾರ್ಬರ್ ಇರುತ್ತದೆ. ನನ್ನದು ತೀರಾ ಮೆತ್ತಗಿತ್ತು. ಬಂಡೆಯಂಚು, ಸಡಿಲ ಕಲ್ಲು, ಆ ದಿನದ ಹೆದರಿಕೆ ಎಲ್ಲವನ್ನೂ ನುಂಗಿ ನುಣುಪಾದ ಇಳಿಜಾರೊಂದನ್ನು ಉಳಿಸಿಕೊಟ್ಟಿತ್ತು. ಅದರ ಮೇಲೆ ನಿಂತೇ ಅಲ್ಲವೇ ನಾವು ಚಿಕ್ಕವರಿಗೆ ನೌಕರಿ, ಮದುವೆ, ಸಂಸಾರ ಎಲ್ಲದಕ್ಕೂ ಉಪದೇಶ ಕೊಡುವುದು?

ನಮ್ಮ ಕಾಲದಲ್ಲಿ ಎಲ್ಲ ಸಲೀಸಿತ್ತು ಎನ್ನುವವರೇ, ಆ ದಾರಿಯನ್ನು ಮತ್ತೊಮ್ಮೆ ನಡೆದು ನೋಡಿದ್ದೀರಾ?